ಎಆರ್‌-3ಎ ಕ್ರಾಸ್‌ಓವರ್: ಅಕ್ಷರ ಅಳಿಸಿಹೋದ ಕಂಡೆನ್ಸರ್ ಯಾವುದು ಅಂತ ಗುರುತಿಸೋದು ಹೇಗೆ?

ಹೊಳೆದಂಡೆ_ಬಾಸ್ಟನ್:
ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯಲ್ಲಿ ಒಬ್ಬರು ಮನೆ ಖಾಲಿ ಮಾಡುವಾಗ ಒಂದು ಜೋಡಿ ಎಆರ್‌-3ಎ (ಅಕೂಸ್ಟಿಕ್ ರಿಸರ್ಚ್ ಕಂಪನಿಯದು) ಸ್ಪೀಕರ್ ಸಿಕ್ಕಿತು. ಇವು ಹುಟ್ಟಿದ್ದೂ ಇಲ್ಲೇ, ಹೊಳೆಯಾಚೆ ಕೇಂಬ್ರಿಡ್ಜ್‌ನಲ್ಲಿ. ಬಲಗಡೆಯದು ಚೆನ್ನಾಗಿದೆ. ಎಡಗಡೆಯದು ಮಂಕು. ಟ್ವೀಟರ್‌ಗೆ (ಕೀರಲು ಸ್ವರದ ಪುಟ್ಟ ಸ್ಪೀಕರ್) ಕಿವಿ ಇಟ್ಟರೂ ಸದ್ದಿಲ್ಲ. ಹಿಂದಿನ ತಿರುಗಣೆ ಮುಟ್ಟಿದರೆ ಕರಕರ ಅನ್ನುತ್ತದೆ.

ವೂಫರ್ (ದಪ್ಪ ಸ್ವರದ ದೊಡ್ಡ ಸ್ಪೀಕರ್) ಬಿಚ್ಚಿ ಒಳಗಿನ ಕ್ರಾಸ್‌ಓವರ್, ಅಂದರೆ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಸರ್ಕ್ಯೂಟ್, ನೋಡಿದೆ. ಎರಡು ದೊಡ್ಡ ಕಾಯಿಲ್, ಒಂದು ಚಿಕ್ಕದು. ಮೇಣ ಹಚ್ಚಿದ ರಟ್ಟಿನ ಡಬ್ಬಿಯೊಂದು, ಅದರಿಂದ ಕೆಲವು ತಂತಿಗಳು. ಮೇಲಿನ ಅಕ್ಷರ ಪೂರ್ತಿ ಅಳಿಸಿದೆ, ತಂತಿಗಳ ಬಣ್ಣವೂ ಕಂದು ತಿರುಗಿದೆ. ಇನ್ನೊಂದು ಪುಟ್ಟ ಕಂಡೆನ್ಸರ್ ಮೇಲೆ '6 ಎಂಎಫ್‌ಡಿ' ಅಂತ ಓದೋಕೆ ಬರುತ್ತದೆ. ಅದು ಮಿಲಿಫ್ಯಾರಡ್ಡಾ? ಎಲ್ಲ ಕಿತ್ತು ಹೊಸದು ಹಾಕಿಬಿಡಲಾ? ನನ್ನ ಹತ್ತಿರ ಸಾದಾ ಮಲ್ಟಿಮೀಟರ್ ಬಿಟ್ಟರೆ ಬೇರೇನೂ ಇಲ್ಲ.

ಹಳೇರೇಡಿಯೊ_ಮೈಸೂರು:
ಮೊದಲು ಆ ಸೋಲ್ಡರಿಂಗ್ ಐರನ್ ಕೆಳಗಿಡಿ ಮಾರಾಯ್ರೆ. ಫೋನ್ ತೆಗೆದು ಎಲ್ಲ ಕಡೆಯಿಂದ ಫೋಟೊ ಹೊಡೆಯಿರಿ. ಆಮೇಲೆ ಒಂದು ಹಾಳೆ ಮೇಲೆ ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಗೀಚಿಕೊಳ್ಳಿ. ಹಳೇ ಕ್ರಾಸ್‌ಓವರ್‌ನಲ್ಲಿ ಬಿಡಿಭಾಗದ ಗುರುತು ಇರುವುದು ಅದರ ಮೈಮೇಲಿನ ಅಕ್ಷರದಲ್ಲಲ್ಲ, ಅದು ಕೂತ ಜಾಗದಲ್ಲಿ.

3ಎ ವಿಷಯದಲ್ಲಿ ಇದು ಸುಲಭ. 1967ರ ಮಾಲು, ಆಗಲೇ ಒಂದೊಂದಕ್ಕೆ 250 ಡಾಲರ್. ಮೂರು ದಾರಿ: 575 ಹರ್ಟ್ಜ್ ತನಕ ವೂಫರ್, ಅಲ್ಲಿಂದ 5000ದ ತನಕ ಮಿಡ್‌ರೇಂಜ್, ಮೇಲಿನದು ಟ್ವೀಟರ್. ವೂಫರ್‌ಗೆ ಹೋಗುವ ಹಾದಿಯಲ್ಲಿ 2.85 ಮಿಲಿಹೆನ್ರಿ ಕಾಯಿಲ್, ಅದಾದ ಮೇಲೆ ವೂಫರ್‌ಗೆ ಅಡ್ಡಲಾಗಿ (ಅದರ ಎರಡು ತುದಿಗಳ ನಡುವೆ) 150 ಮೈಕ್ರೊಫ್ಯಾರಡ್ ಕಂಡೆನ್ಸರ್. ಮಿಡ್‌ರೇಂಜ್ ಹಾದಿಯಲ್ಲಿ 50, ಅದಕ್ಕೆ ಅಡ್ಡಲಾಗಿ 0.88 ಮಿಲಿಹೆನ್ರಿ ಕಾಯಿಲ್. ಟ್ವೀಟರ್‌ಗೆ 6. ನಿಮ್ಮ ರಟ್ಟಿನ ಡಬ್ಬಿ ಅಂದರೆ 150 ಮತ್ತು 50 ಒಂದೇ ಹೊಟ್ಟೆಯಲ್ಲಿ. ವೂಫರ್ ಕಡೆಗೆ ಹೋದ ಜೋಡಿ ತಂತಿ 150, ಮಿಡ್ ಕಡೆಯದು 50. ಅಷ್ಟೇ.

ಎಂಎಫ್‌ಡಿ ಅಂದರೆ ಮೈಕ್ರೊಫ್ಯಾರಡ್ಡೇ. ಆ ಕಾಲದ ಅಮೆರಿಕದ ಮಾಲಿನ ಮೇಲೆ ಎಲ್ಲ ಕಡೆ ಹಾಗೇ ಬರೆಯುತ್ತಿದ್ದರು. ಮಿಲಿ ಅಂದುಕೊಂಡು 6000 ಮೈಕ್ರೊ ಹಾಕಿದರೆ ಆ ಮುಕ್ಕಾಲು ಇಂಚಿನ ಟ್ವೀಟರ್ ಬೂದಿ! ಪಕ್ಕದಲ್ಲಿ ಎನ್‌ಪಿ ಅಂತ ಕಂಡರೆ ನಾನ್‌ಪೋಲಾರ್, ಪ್ಲಸ್ ಮೈನಸ್ ಇಲ್ಲ. ಅಂಗಡಿಯವರು ಬೈಪೋಲಾರ್ ಅಂತ ಕೊಡುವುದೂ ಅದೇ. ಆಂಪ್ಲಿಫೈಯರ್‌ನಲ್ಲಿ ಹಾಕುವ ಮಾಮೂಲಿ ಎಲೆಕ್ಟ್ರೊಲಿಟಿಕ್ ಇಲ್ಲಿ ಹಾಕಬೇಡಿ.

ಕಾಯಿಲ್‌ಗಳನ್ನು ಮುಟ್ಟಲೇಬೇಡಿ. ತಾಮ್ರದ ಸುರುಳಿಗೆ ಏನೂ ಆಗಿರುವುದಿಲ್ಲ. ಜಾಗ ಬದಲಿಸಿದರೆ ಒಂದರ ಕಾಂತ ಇನ್ನೊಂದಕ್ಕೆ ತಾಗುತ್ತದೆ, ಸುಮ್ನೆ ಹೊಸ ತಲೆನೋವು.

ಇನ್ನು ನಿಮ್ಮ ಟ್ವೀಟರ್ ಕಥೆ. ಕರಕರ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಹಿಂದಿನ ಆ ಎರಡು ತಿರುಗಣೆ ಸುಮಾರು 15 ಓಮ್‌ನ ತಂತಿ ಸುತ್ತಿದ ಪಾಟ್, ಅಂದರೆ ಸದ್ದು ಏರಿಸಿ ಇಳಿಸುವ ಪೊಟೆನ್ಶಿಯೋಮೀಟರ್. ಒಳಗೆ ಹಸಿರು ಕಿಲುಬು ಕಟ್ಟಿ ಕೈಕೊಡುವುದು ಈ ಸ್ಪೀಕರ್‌ನ ಹಳೇ ಚಾಳಿ. ಟ್ವೀಟರ್ ತಂತಿ ಬಿಡಿಸಿ ಓಮ್ ನೋಡಿ. ಕೆಲವು ಓಮ್ ತೋರಿಸಿದರೆ ಟ್ವೀಟರ್ ಬದುಕಿದೆ. ಆಮೇಲೆ ಪಾಟ್‌ನ ನಡುವಿನ ಕಾಲಿಗೂ ಒಂದು ತುದಿಗೂ ಮೀಟರ್ ಹಿಡಿದು ನಿಧಾನವಾಗಿ ತಿರುಗಿಸಿ. ಓಮ್ ಮೆಲ್ಲಗೆ ಏರಿ ಇಳಿಯಬೇಕು. ನಡುವೆ ನಾಪತ್ತೆಯಾದರೆ ಕಳ್ಳ ಸಿಕ್ಕ.

ಎಸ್‌ಪಿರೋಡ್_ಸುತ್ತಾಟ:
ಸರ್ ಹೇಳಿದ್ದು ಸರಿ. ಆದರೆ ಎಲ್‌ಸಿಆರ್ ಮೀಟರ್ (ಕಾಯಿಲ್, ಕಂಡೆನ್ಸರ್ ಅಳೆಯುವ ಮೀಟರ್) ಇಲ್ಲದೇನೂ ಕಂಡೆನ್ಸರ್ ಅಳೆಯಬಹುದು. ಒಂದು 10 ಓಮ್, 10 ವಾಟ್ ರೆಸಿಸ್ಟರ್ ತಗೊಳ್ಳಿ. ಗುರುತಿಲ್ಲದ ಕಂಡೆನ್ಸರ್‌ನ ಒಂದು ಕಾಲನ್ನಾದರೂ ಸರ್ಕ್ಯೂಟ್‌ನಿಂದ ಬಿಡಿಸಿ, ಇದರ ಜೊತೆ ಸಾಲಾಗಿ ಜೋಡಿಸಿ. ಫೋನ್‌ನಿಂದ 100 ಹರ್ಟ್ಜ್ ಟೋನ್ ಹಾಕಿ, ಆಂಪ್ಲಿಫೈಯರ್ ವಾಲ್ಯೂಮ್ ಸ್ವಲ್ಪವೇ ಏರಿಸಿ, ಎರಡರ ಮೇಲೂ ಎಸಿ ವೋಲ್ಟ್ ನೋಡಿ. 150 ಮೈಕ್ರೊ ಆದರೆ ಎರಡೂ ಕಡೆ ಹೆಚ್ಚೂಕಡಿಮೆ ಒಂದೇ ವೋಲ್ಟ್, ಯಾಕೆಂದರೆ 100 ಹರ್ಟ್ಜ್‌ನಲ್ಲಿ ಅದರ ಅಡ್ಡಿ 10.6 ಓಮ್. 50 ಆದರೆ ಕಂಡೆನ್ಸರ್ ಮೇಲೆ ಮೂರು ಪಟ್ಟು. ಮೀಟರ್ ಸ್ವಲ್ಪ ತಪ್ಪು ತೋರಿಸಿದರೂ ಪರವಾಗಿಲ್ಲ, ಎರಡು ಕಡೆಯೂ ಅದೇ ತಪ್ಪು ತಾನೇ?

ಬಿಚ್ಚಿದ ಮೇಲೆ ಎಲ್ಲವನ್ನೂ ಫಿಲ್ಮ್ (ಪ್ಲಾಸ್ಟಿಕ್ ಹಾಳೆಯ) ಕಂಡೆನ್ಸರ್‌ಗೇ ಬದಲಿಸಿಬಿಡಿ. ಜೀವಮಾನದ ಕೆಲಸ.

ಹಳೇರೇಡಿಯೊ_ಮೈಸೂರು:
10 ಓಮ್ ಉಪಾಯ ಚೆನ್ನಾಗಿದೆ, ನಾನೂ ಮಾಡಿದ್ದೇನೆ. ಫಿಲ್ಮ್ ಮಾತು ಮಾತ್ರ ನಾನು ಒಪ್ಪಲ್ಲ. 150 ಮೈಕ್ರೊ ಫಿಲ್ಮ್‌ನಲ್ಲಿ ತಂದರೆ ದುಡ್ಡೂ ಹೋಗುತ್ತದೆ, ಡಬ್ಬದಲ್ಲಿ ಜಾಗವೂ ಹೋಗುತ್ತದೆ. ವೂಫರ್ ಕೇಳಿ ವ್ಯತ್ಯಾಸ ಹೇಳುವ ಕಿವಿ ನನಗಂತೂ ಇಲ್ಲ. 100 ಮತ್ತು 47ರ ಬೈಪೋಲಾರ್ ಪಕ್ಕಪಕ್ಕ ಜೋಡಿಸಿದರೆ 147, ಸಾಕು. 47ಕ್ಕೆ 3.3 ಸೇರಿಸಿದರೆ 50 ಆಯಿತು. ಎಲ್ಲ 100 ವೋಲ್ಟಿನವು ತಗೊಳ್ಳಿ. ಟ್ವೀಟರ್‌ನ 6 ಒಂದಕ್ಕೆ ಬೇಕಾದರೆ ಫಿಲ್ಮ್ ಹಾಕಿ, 3.3 ಮತ್ತು 2.7 ಸೇರಿಸಿ. ಹಳೇದರಲ್ಲಿ ಒಳಗಿನ ಓಮ್ ಸ್ವಲ್ಪ ಇರುತ್ತದೆ, ಫಿಲ್ಮ್‌ನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಸದ್ದು ಒಂಚೂರು ಚುರುಕಾಗುತ್ತದೆ. ಅದಕ್ಕೇ ಪಾಟ್ ಇದೆಯಲ್ಲ, ಇಳಿಸಿಕೊಳ್ಳಿ.

ಹಳೇ ಡಬ್ಬಿ 150ರ ಬದಲು 180, 190 ತೋರಿಸಿದರೆ ಗಟ್ಟಿಯಾಗಿದೆ ಅಂತ ಖುಷಿ ಪಡಬೇಡಿ. ಒಳಗೆ ಸೋರುವ ಕಂಡೆನ್ಸರ್ ಮೀಟರ್‌ಗೆ ಹಾಗೇ ಜಾಸ್ತಿ ಕಾಣುತ್ತದೆ. ಇನ್ನೊಂದು ಮಾತು. ಕೆಲವು ಹಳೇ ಕಂಡೆನ್ಸರ್‌ಗಳ ಎಣ್ಣೆಯಲ್ಲಿ ಇರುತ್ತಿದ್ದ ಪಿಸಿಬಿ ಅನ್ನುವ ವಿಷದ ರಾಸಾಯನಿಕ ಅಮೆರಿಕದಲ್ಲಿ 1979ಕ್ಕೆ ನಿಷೇಧ ಆಯಿತು. ಅದಕ್ಕೂ ಹಿಂದಿನ ಯಾವುದೇ ಕಂಡೆನ್ಸರ್‌ನಿಂದ ಎಣ್ಣೆ ಜಿನುಗುತ್ತಿದ್ದರೆ ಬರಿಗೈಲಿ ಮುಟ್ಟಬೇಡಿ. ಸ್ಪೀಕರ್ ಡಬ್ಬದೊಳಗೆ ತುಂಬಿದ ಗಾಜಿನ ಹತ್ತಿಗೂ ಕೈಗವಸು, ಮಾಸ್ಕ್ ಇರಲಿ.

ಹೊಳೆದಂಡೆ_ಬಾಸ್ಟನ್:
ಸರ್, ಕಳ್ಳ ಪಾಟೇ! ಟ್ವೀಟರ್ ಓಮ್ ಸರಿಯಾಗಿ ತೋರಿಸಿತು. ಪಾಟ್ ಬಿಚ್ಚಿದರೆ ಪಟ್ಟಿ ಪೂರಾ ಹಸಿರು. ನಯವಾದ ಮರಳು ಕಾಗದದಲ್ಲಿ ಉಜ್ಜಿದ ಮೇಲೆ ಟ್ವೀಟರ್ ಮಾತಾಡಿತು. ಡಬ್ಬಿಯ ಜೋಡಿ ತಂತಿಗಳೂ 10 ಓಮ್ ಲೆಕ್ಕದಲ್ಲಿ ಗೊತ್ತಾದವು. ಬೈಪೋಲಾರ್‌ಗಳಿಗೆ ಆರ್ಡರ್ ಹಾಕಿದ್ದೇನೆ. ವೂಫರ್ ಸುತ್ತ ಬೂದು ಬಣ್ಣದ ಅಂಟು ಮಣ್ಣಿನಂಥದ್ದು ಇತ್ತು, ಅರ್ಧ ಕಿತ್ತುಬಂದಿದೆ. ಅದು ಬೇಕಾ?

ಹಳೇರೇಡಿಯೊ_ಮೈಸೂರು:
ಬೇಕೇ ಬೇಕು. ಈ ಡಬ್ಬದೊಳಗಿನ ಗಾಳಿಯೇ ವೂಫರ್‌ಗೆ ಸ್ಪ್ರಿಂಗು, ಎಲ್ಲೂ ಸೋರಬಾರದು. ನಿಮ್ಮಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಡಕ್ಟ್ ಸೀಲ್ ಅಂತ ಕೇಳಿ, ಒಣಗದ ಪುಟ್ಟಿ ಕೊಡುತ್ತಾರೆ. ಸುತ್ತ ಹಚ್ಚಿ ಸ್ಕ್ರೂ ಬಿಗಿ ಮಾಡಿ. ಆಮೇಲೆ ಕೋನ್ ಅನ್ನು ಎರಡು ಕಡೆ ಸಮನಾಗಿ ಬೆರಳಿಟ್ಟು ಮೆಲ್ಲಗೆ ಒಳಗೆ ಒತ್ತಿ ಬಿಡಿ. ನಿಧಾನವಾಗಿ ಮೇಲೆ ಬಂದರೆ ಸರಿ. ಟಕ್ ಅಂತ ಎದ್ದರೆ ಎಲ್ಲೋ ಸೋರುತ್ತಿದೆ, ಪಾಟ್ ಕಡ್ಡಿ ಹೊರಗೆ ಬರುವ ತೂತಿನ ಸುತ್ತ ಮೊದಲು ನೋಡಿ.