ಸುಮ್ಮನೆ ಬಿಟ್ಟರೆ ಹ್ಯಾಂಗ್, ಗೇಮ್ ಆಡಿದರೆ ಏನೂ ಇಲ್ಲ: ರೈಜನ್ 5 1600 ಡೆಸ್ಕ್‌ಟಾಪ್

ಪ್ರಶ್ನೆ:
ಎಎಂಡಿಯ ರೈಜನ್ 5 1600 ಪ್ರೊಸೆಸರ್, ಬಿ350 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್, ಜಿಟಿ 1030 ಕಾರ್ಡ್, ಒಂದು ಸಾಟಾ ಎಸ್‌ಎಸ್‌ಡಿ, ಎರಡು ಹಾರ್ಡ್ ಡಿಸ್ಕ್, ವಿಂಡೋಸ್ 10. ಪವರ್ ಸಪ್ಲೈ ಹಳೇ ಮಷೀನಿನದು, ಮೇಲೆ 450 ವಾಟ್ ಅಂತಿದೆ. ಗೇಮ್, ವಿಡಿಯೊ ಎಡಿಟಿಂಗ್ ಏನೇ ಮಾಡಿದರೂ ತೊಂದರೆ ಇಲ್ಲ. ಅರ್ಧ ಗಂಟೆ, ಒಂದು ಗಂಟೆ ಹಾಗೇ ಬಿಟ್ಟರೆ ಸ್ಕ್ರೀನ್ ಇದ್ದಲ್ಲೇ ನಿಲ್ಲುತ್ತೆ, ಮೂಲೆಯ ಗಡಿಯಾರವೂ ನಿಂತಿರುತ್ತೆ. ಬ್ಲೂ ಸ್ಕ್ರೀನ್ ಬರಲ್ಲ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು. ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಬಿಟ್ಟರೆ ಬೇರೇನಿಲ್ಲ. ಅಂಗಡಿಯಲ್ಲಿ ಸ್ಟ್ರೆಸ್ ಟೆಸ್ಟ್ ಓಡಿಸಿ ಎಲ್ಲ ಸರಿ ಇದೆ ಅಂದರು. ವಿಂಡೋಸ್ ಹೊಸದಾಗಿ ಹಾಕಿದರೂ ಹೀಗೇ.

ಉತ್ತರ 1:
41ನೇ ಈವೆಂಟ್‌ನಿಂದ ಏನೂ ತಿಳಿಯಲ್ಲ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ ಮುಂದಿನ ಬೂಟ್‌ನಲ್ಲಿ ವಿಂಡೋಸ್ ಬರೆದುಕೊಳ್ಳುವ ಟಿಪ್ಪಣಿ ಅದು, ಅಷ್ಟೇ. ಅದರ ಡೀಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್ (ಬ್ಲೂ ಸ್ಕ್ರೀನ್‌ನ ಎರರ್ ನಂಬರ್) 0 ಇದ್ದರೆ, ಕ್ರ್ಯಾಶ್ ದಾಖಲಿಸಲೂ ವಿಂಡೋಸ್‌ಗೆ ಅವಕಾಶ ಸಿಕ್ಕಿಲ್ಲ ಅಂತ ಇಟ್ಟುಕೊಳ್ಳಿ.

ಮೊದಲು ಪವರ್ ಆಪ್ಷನ್ಸ್‌ನಲ್ಲಿ ಸ್ಲೀಪ್, ಡಿಸ್‌ಪ್ಲೇ ಆಫ್ ಎರಡನ್ನೂ 'ನೆವರ್' ಮಾಡಿ ಬಿಡಿ. ಆಮೇಲೂ ನಿಂತರೆ ಸ್ಲೀಪ್‌ಗೂ ಇದಕ್ಕೂ ಸಂಬಂಧ ಇಲ್ಲ. ನಿಂತ ಹೊತ್ತಲ್ಲಿ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಸಿಸ್ಟಮ್‌ಗೆ ಇನ್ನೂ ಜೀವ ಇದೆ, ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಡಿ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆ 'ಬಿ' ಕೀ ಒತ್ತಿದರೆ ಆ ಡ್ರೈವರ್ ರೀಸೆಟ್ ಆಗುತ್ತೆ. ದೀಪವೂ ಅಲುಗಾಡದಿದ್ದರೆ ಸಿಸ್ಟಮ್ಮೇ ನಿಂತಿದೆ, ಸಮಸ್ಯೆ ಗ್ರಾಫಿಕ್ಸ್‌ಗಿಂತ ಕೆಳಗಿನ ಹಂತದ್ದು.

ಆಮೇಲೆ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್‌ಗಳ ಕೇಬಲ್ ಎಲ್ಲ ಕಳಚಿ, ಲಿನಕ್ಸ್ ಮಿಂಟ್ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವಂಥದ್ದು) ಬೂಟ್ ಮಾಡಿ ಹಾಗೇ ಬಿಡಿ. ಬ್ರೌಸರ್ ತೆರೆಯಬೇಡಿ; ಒಂದು ವಿಡಿಯೊ ಓಡುತ್ತಿದ್ದರೂ ಪ್ರೊಸೆಸರ್ ಪೂರ್ತಿ ನಿದ್ದೆಗೆ ಇಳಿಯಲ್ಲ. ಅಲ್ಲೂ ನಿಂತರೆ ವಿಂಡೋಸ್, ಡ್ರೈವರ್, ಡಿಸ್ಕ್ ಮೂರೂ ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ.

ಉತ್ತರ 2:
ಪವರ್ ಪ್ಲಾನ್‌ನಲ್ಲಿ ಮಿನಿಮಮ್ ಪ್ರೊಸೆಸರ್ ಸ್ಟೇಟ್ 100 ಪರ್ಸೆಂಟ್ ಮಾಡಿ ನೋಡಿ, ಪ್ರೊಸೆಸರ್ ಮಲಗೋದೇ ಇಲ್ಲ.

ಉತ್ತರ 1:
ಮಲಗುತ್ತೆ. ಅದು ಫ್ರೀಕ್ವೆನ್ಸಿಯನ್ನು ಕೆಳಗೆ ಬಿಡದ ಸೆಟ್ಟಿಂಗ್. ಕೆಲಸ ಇಲ್ಲದ ಕೋರ್ ಸಿ6 ಅನ್ನುವ ಆಳ ನಿದ್ದೆಯ ಸ್ಥಿತಿಗೆ ಹೋಗೋದನ್ನು ತಡೆಯಲ್ಲ.

ಪ್ರಶ್ನೆ ಕೇಳಿದವರು:
ಕ್ಯಾಪ್ಸ್ ಲಾಕ್ ದೀಪ ಹತ್ತಲ್ಲ. ಡಿಸ್ಕ್ ಇಲ್ಲದೆ ಲೈವ್ ಮಿಂಟ್‌ನಲ್ಲೂ ನಿಂತಿತು.

ಉತ್ತರ 3:
ಹಾಗಾದರೆ ಪವರ್ ಸಪ್ಲೈ ಕಡೆ ಬನ್ನಿ. 2017ರ ಮೊದಲ ತಲೆಮಾರಿನ ರೈಜನ್‌ಗಳಲ್ಲಿ ಇದು ಕೇಳಿಬಂದ ದೂರೇ. ಕೋರ್‌ಗಳೆಲ್ಲ ಸಿ6ಗೆ ಇಳಿದಾಗ ಪ್ರೊಸೆಸರ್ 12 ವೋಲ್ಟ್ ಲೈನಿನಿಂದ ಎಳೆಯುವ ಕರೆಂಟ್ ತೀರಾ ಕಡಿಮೆ. ಇಂಟೆಲ್ 2013ರಲ್ಲಿ ಹ್ಯಾಸ್ವೆಲ್ ಪ್ರೊಸೆಸರ್ ತಂದಾಗಲೂ ಇದೇ ತಕರಾರು ಎದ್ದಿತ್ತು: ಹಳೇ ಸಪ್ಲೈಗಳು ಪ್ರೊಸೆಸರ್‌ನ 12 ವೋಲ್ಟ್ ಲೈನಿನಲ್ಲಿ ಕನಿಷ್ಠ 0.5 ಆಂಪಿಯರ್ ಲೋಡ್ ಇರುತ್ತೆ ಅಂದುಕೊಂಡು ಮಾಡಿದವು, ಹೊಸ ಚಿಪ್‌ಗೆ 0.05 ಆಂಪಿಯರ್‌ನಲ್ಲೂ ಸ್ಥಿರವಾಗಿ ನಿಲ್ಲುವ ಸಪ್ಲೈ ಬೇಕಿತ್ತು. ನಿಮ್ಮ ಅಂಗಡಿಯವರು ಸ್ಟ್ರೆಸ್ ಟೆಸ್ಟ್ ಹಾಕಿದ್ದೇ ತಪ್ಪು ಜಾಗದಲ್ಲಿ ಹುಡುಕಿದ ಹಾಗಾಯಿತು. ಲೋಡ್ ಇದ್ದಷ್ಟು ಹೊತ್ತು ಈ ದೋಷ ಹೊರಗೆ ಬರೋದೇ ಇಲ್ಲ.

ಅಗ್ಗದ ಸಪ್ಲೈಗಳಲ್ಲಿ ಇನ್ನೊಂದು ಸಮಸ್ಯೆ ಇದೆ. 12 ಮತ್ತು 5 ವೋಲ್ಟ್ ಎರಡಕ್ಕೂ ಒಂದೇ ರೆಗ್ಯುಲೇಷನ್ (ವೋಲ್ಟೇಜ್ ಹಿಡಿತದಲ್ಲಿಡುವ ವ್ಯವಸ್ಥೆ) ಇರುತ್ತೆ. 12ರಲ್ಲಿ ಲೋಡ್ ಇಲ್ಲ, 5ರಲ್ಲಿ ಡಿಸ್ಕ್‌ಗಳು ಎಳೀತಿವೆ ಅಂದರೆ, 5 ಕುಸಿಯದಂತೆ ಎತ್ತಿ ಹಿಡಿಯೋಕೆ ಹೋಗಿ 12 ಮೇಲಕ್ಕೇರುತ್ತೆ.

ಇದನ್ನು ಅಳೆಯಬಹುದು. ಮಲ್ಟಿಮೀಟರ್ ಡಿಸಿ 20 ವೋಲ್ಟ್‌ಗೆ ಇಡಿ. ಖಾಲಿ ಇರುವ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರ್‌ನಲ್ಲಿ ಕಪ್ಪು ಪ್ರೋಬ್ ಕಪ್ಪು ತಂತಿಗೆ, ಕೆಂಪು ಪ್ರೋಬ್ ಹಳದಿಗೆ (12), ಆಮೇಲೆ ಕೆಂಪು ತಂತಿಗೆ (5). ಪ್ರೋಬ್ ತುದಿ ಜಾರಿ ಹಳದಿ-ಕಪ್ಪು ಒಟ್ಟಿಗೆ ಮುಟ್ಟಿದರೆ ಶಾರ್ಟ್, ಜೋಪಾನ. 12 ವೋಲ್ಟ್ 11.40ರಿಂದ 12.60ರ ಒಳಗೆ, 5 ವೋಲ್ಟ್ 4.75ರಿಂದ 5.25ರ ಒಳಗೆ ಇರಬೇಕು. ಡಿಸ್ಕ್‌ಗಳನ್ನು ಮತ್ತೆ ಜೋಡಿಸಿ, ಸಿಸ್ಟಮ್ ಸುಮ್ಮನಿದ್ದಾಗ ಒಮ್ಮೆ, ಗೇಮ್ ಓಡುವಾಗ ಒಮ್ಮೆ ಅಳೆಯಿರಿ. ಒಂದು ಎಚ್ಚರಿಕೆ: ಮೀಟರ್ ಸರಾಸರಿ ತೋರಿಸುತ್ತೆ, ಕ್ಷಣಾರ್ಧದ ಏರಿಳಿತ ಅದಕ್ಕೆ ಕಾಣಲ್ಲ. ಅಂಕಿ ಸರಿ ಬಂತು ಅಂತ ಸಪ್ಲೈಯನ್ನು ಪೂರ್ತಿ ನಂಬಬೇಡಿ.

ಮೀಟರ್ ಇಲ್ಲದಿದ್ದರೆ ನೇರ ಬಯೋಸ್‌ಗೆ (ಬೋರ್ಡಿನದೇ ಸೆಟ್ಟಿಂಗ್ ಮೆನು) ಹೋಗಿ. ಅಡ್ವಾನ್ಸ್ಡ್ ಅಥವಾ ಎಎಂಡಿ ಸಿಬಿಎಸ್ ಮೆನು ಒಳಗೆ 'ಪವರ್ ಸಪ್ಲೈ ಐಡಲ್ ಕಂಟ್ರೋಲ್' ಅಂತಿರುತ್ತೆ. ಅದನ್ನು 'ಆಟೊ'ದಿಂದ 'ಟಿಪಿಕಲ್ ಕರೆಂಟ್ ಐಡಲ್'ಗೆ ಬದಲಿಸಿ. ಸಿಗದಿದ್ದರೆ ಬೋರ್ಡ್ ಕಂಪನಿಯ ಸೈಟಿನಿಂದ ಹೊಸ ಬಯೋಸ್ ಹಾಕಿ. ಮೊದಮೊದಲ ಬಯೋಸ್‌ಗಳಲ್ಲಿ ಈ ಆಯ್ಕೆ ಇರಲಿಲ್ಲ. ಎಕ್ಸ್‌ಎಂಪಿ (ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಇದ್ದರೆ ಪರೀಕ್ಷೆ ಮುಗಿಯೋವರೆಗೆ ಆಫ್ ಇರಲಿ, ಈ ಪ್ರೊಸೆಸರ್‌ಗೆ ಮೆಮೊರಿ ವೇಗದ ಅಧಿಕೃತ ಮಿತಿ ಡಿಡಿಆರ್4-2666. ವೋಲ್ಟೇಜ್ ಇಳಿಸಿ ಅಂಡರ್‌ವೋಲ್ಟ್ ಮಾಡಿದ್ದರೆ ಅದನ್ನೂ ತೆಗೆಯಿರಿ.

ಉತ್ತರ 2:
ಬಯೋಸ್‌ನಲ್ಲಿ ಸಿ6ನಂಥ ನಿದ್ದೆಯ ಸ್ಥಿತಿಗಳನ್ನು ನಿಯಂತ್ರಿಸುವ ಗ್ಲೋಬಲ್ ಸಿ-ಸ್ಟೇಟ್ ಕಂಟ್ರೋಲನ್ನೇ ಡಿಸೇಬಲ್ ಮಾಡಿದರೆ ಇಷ್ಟೆಲ್ಲ ಬೇಡವಲ್ಲ?

ಉತ್ತರ 3:
ಅದೂ ಕೆಲಸ ಮಾಡುತ್ತೆ, ಆದರೆ ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ಹಾಗೆ ಮಾಡಿದರೆ ಖಾಲಿ ಕೂತಾಗಲೂ ಬಿಸಿ ಮತ್ತು ಕರೆಂಟ್ ಎರಡೂ ಜಾಸ್ತಿ, ಒಂದೆರಡು ಕೋರ್ ಮಾತ್ರ ಕೆಲಸ ಮಾಡುವಾಗ ಸಿಗುವ ಹೆಚ್ಚಿನ ವೇಗಕ್ಕೂ (ಬೂಸ್ಟ್) ಪೆಟ್ಟು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಗುಣವಾಗಿದ್ದು ಯಾವುದರಿಂದ ಅಂತಲೂ ತಿಳಿಯಲ್ಲ.

ಪ್ರಶ್ನೆ ಕೇಳಿದವರು:
ಸುಮ್ಮನಿದ್ದಾಗ ಹಳದಿಯಲ್ಲಿ 12.71, ಕೆಂಪಿನಲ್ಲಿ 4.84. ಗೇಮ್ ಹಾಕಿದರೆ 12.18 ಮತ್ತು 4.97. ಟಿಪಿಕಲ್ ಕರೆಂಟ್ ಐಡಲ್ ಹಾಕಿದ ಮೇಲೆ ರಾತ್ರಿಯಿಡೀ ಬಿಟ್ಟರೂ ನಿಲ್ಲಲಿಲ್ಲ. ಆದರೆ ಒಂದು ಬೆಳಿಗ್ಗೆ ಮತ್ತೆ ಹ್ಯಾಂಗ್. ಬಯೋಸ್ ನೋಡಿದರೆ ಸೆಟ್ಟಿಂಗ್ ಆಟೊಗೆ ವಾಪಸ್, ತಾರೀಖೂ ತಪ್ಪು.

ಉತ್ತರ 3:
ತಾರೀಖು ತಪ್ಪಿದೆ ಅಂದರೆ ಕರೆಂಟ್ ಇಲ್ಲದಾಗ ತಾರೀಖು, ಸೆಟ್ಟಿಂಗ್ ಉಳಿಸುವ ಬೋರ್ಡಿನ ಸಿಎಂಒಎಸ್ ಬ್ಯಾಟರಿ ಸತ್ತಿದೆ. ಗೋಡೆಯ ಸ್ವಿಚ್ ಆಫ್ ಮಾಡಿದ್ದಿರಬೇಕು. ಸಿಆರ್2032 ತಂದು ಹಾಕಿ, ಪ್ಲಸ್ ಮೇಲ್ಮುಖ; ಹೊಸದು 3 ವೋಲ್ಟ್‌ಗಿಂತ ತುಸು ಮೇಲೆ ತೋರಿಸಬೇಕು. ಹಾಕಿದ ಮೇಲೆ ಸೆಟ್ಟಿಂಗ್ ಮತ್ತೆ ಬದಲಿಸೋದು ಮರೆಯಬೇಡಿ.

12.71 ಮಿತಿ ಮೀರಿದೆ. ಈ ಸೆಟ್ಟಿಂಗ್ ಸಿ6 ಸಮಯದ ಲೋಡ್ ಸ್ವಲ್ಪ ಎತ್ತಿ ಹಿಡಿಯುತ್ತೆ ಅಷ್ಟೇ, ಸಪ್ಲೈ ರಿಪೇರಿ ಮಾಡಲ್ಲ. ಹಾರ್ಡ್ ಡಿಸ್ಕ್‌ಗಳೂ ಅದೇ ಹಳದಿ ತಂತಿಯಿಂದ ಕುಡಿಯೋದು, ಬ್ಯಾಕಪ್ ಇವತ್ತೇ ತೆಗೆದುಕೊಳ್ಳಿ. ಹೊಸ ಸಪ್ಲೈ ಕೊಳ್ಳುವಾಗ ಎಸ್.ಪಿ. ರಸ್ತೆಗೆ ಹೋದರೂ ಆನ್‌ಲೈನ್ ಆದರೂ ಕೇಳಬೇಕಾದದ್ದು 'ಡಿಸಿ-ಟು-ಡಿಸಿ ಇದೆಯಾ' ಅಂತ. 5 ಮತ್ತು 3.3 ವೋಲ್ಟನ್ನು 12ರಿಂದಲೇ ಪ್ರತ್ಯೇಕ ಕನ್ವರ್ಟರ್‌ನಲ್ಲಿ ಮಾಡುವ ವಿನ್ಯಾಸ ಅದು, ಒಂದರ ಲೋಡ್ ಇನ್ನೊಂದನ್ನು ಎಳೆದಾಡಲ್ಲ. 80 ಪ್ಲಸ್ ಸ್ಟಿಕ್ಕರ್ ದಕ್ಷತೆಯ ಲೆಕ್ಕ, ಇದಕ್ಕೆ ಗ್ಯಾರಂಟಿ ಅಲ್ಲ. ಜಿಟಿ 1030ಗೆ 450 ವಾಟ್ ಧಾರಾಳ, ವಾಟ್‌ಗೆ ದುಡ್ಡು ಸುರಿಯಬೇಡಿ. ಹೊಸದು ಬಂದ ಮೇಲೆ ಸೆಟ್ಟಿಂಗನ್ನು ಆಟೊಗೆ ಹಾಕಿ ಒಂದು ರಾತ್ರಿ ಬಿಡಿ. ಆಗಲೂ ನಿಂತರೆ ಟಿಪಿಕಲ್‌ಗೇ ವಾಪಸ್ ಹಾಕಿಕೊಂಡು ಮೆಮೊರಿ ಸ್ಟಿಕ್‌ಗಳನ್ನು ಒಂದೊಂದಾಗಿ ಪರೀಕ್ಷಿಸೋಣ.