ರಾಜ್ಯಶಾಸ್ತ್ರ ಓದುವವರ ಪ್ರಶ್ನೋತ್ತರ: ಇವತ್ತು ಪ್ರಾಧ್ಯಾಪಕರು ನಮ್ಮ ಜೊತೆ

ನಿತಿನ್: ಮೇಡಂ, ರಾಜ್ಯಶಾಸ್ತ್ರ ಓದಿದ್ರೆ ಕೆಲಸ ಸಿಗುತ್ತಾ?

ಪ್ರಾಧ್ಯಾಪಕಿ: ಸಿಗುತ್ತೆ. ಆಡಳಿತ, ಪತ್ರಿಕೋದ್ಯಮ, ಸಂಶೋಧನೆ. ಚೆನ್ನಾಗಿ ಬರೆಯೋದು, ಅಂಕಿಅಂಶ ಓದೋದು ಎರಡೂ ಬರಬೇಕು.

ಶ್ವೇತಾ: ಮೇಡಂ, ಪ್ರಾಜೆಕ್ಟಿಗೆ ವಾಟ್ಸಾಪ್ ಗುಂಪುಗಳಲ್ಲಿ ಗೂಗಲ್ ಫಾರ್ಮ್ ಹಾಕಿ ಯಾರಿಗೆ ಮತ ಹಾಕಿದ್ರಿ ಅಂತ ಕೇಳಿದ್ದೆ. 600 ಜನ ಹೆಸರು, ನಂಬರ್ ಸಮೇತ ಉತ್ತರ ಕೊಟ್ಟಿದ್ದಾರೆ. ಇಷ್ಟು ಸಾಕಲ್ವಾ? ಶೀಟ್ ಇಲ್ಲೇ ಹಾಕ್ಲಾ?

ಪ್ರಾಧ್ಯಾಪಕಿ: ದಯವಿಟ್ಟು ಹಾಕಬೇಡಿ ಶ್ವೇತಾ. ಈಗಲೇ ಫಾರ್ಮ್ ಮುಚ್ಚಿ, ಹೆಸರು, ನಂಬರಿನ ಕಾಲಂ ತೆಗೆಯಿರಿ, ಗೈಡ್‌ಗೆ ತಿಳಿಸಿ. ಯಾರ ಮತ ಯಾರಿಗೆ ಅನ್ನೋ ಪಟ್ಟಿ ಹೊರಬಿದ್ದರೆ ಒಬ್ಬರ ಕೆಲಸಕ್ಕೆ ಕುತ್ತು, ಇನ್ನೊಬ್ಬರ ಮನೆಯಲ್ಲಿ ಜಗಳ. ಜಮೀನ್ದಾರನ, ಮಾಲೀಕನ ಕಣ್ಣಿಗೆ ಬೀಳದೆ ಮತ ಹಾಕಲಿ ಅಂತಲೇ ಗುಪ್ತ ಮತದಾನಕ್ಕೆ ಜನ ಹೋರಾಡಿದ್ದು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಅದು ಬಂದಿದ್ದು 1856ರಲ್ಲಿ.

ಇನ್ನು 600. ಎಷ್ಟು ಜನ ಅನ್ನೋದಕ್ಕಿಂತ ಯಾರು ಅನ್ನೋದನ್ನ ನೋಡಿ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಯಾರಿಗೆ ಮತ ಅಂತ ಅಂಚೆಯಲ್ಲಿ ಕೇಳಿದ ಲಿಟರರಿ ಡೈಜೆಸ್ಟ್ ಪತ್ರಿಕೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ತಾರೆ ಅಂತ ಬರೆದರು. ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು! ವಿಳಾಸಗಳನ್ನ ಟೆಲಿಫೋನ್ ಡೈರೆಕ್ಟರಿಯಿಂದ, ಕಾರು ನೋಂದಣಿಯಿಂದ ಆರಿಸಿದ್ದರು, ಆಗ ಇವೆರಡೂ ಹೆಚ್ಚಾಗಿ ಅನುಕೂಲಸ್ಥರ ಹತ್ತಿರ ಇದ್ದವು. ಉತ್ತರ ಕಳಿಸಿದವರೂ ಹೆಚ್ಚಾಗಿ ಲ್ಯಾಂಡನ್ ಪರ ಇದ್ದವರು. ಬಹಳ ಕಡಿಮೆ ಜನರನ್ನ ಕೇಳಿದ ಸಮೀಕ್ಷೆಗಾರ ಜಾರ್ಜ್ ಗ್ಯಾಲಪ್ ಅವರ ಲೆಕ್ಕ ಸರಿಹೋಯಿತು. ನಿಮ್ಮ ಗುಂಪಿನವರೆಲ್ಲ ನಿಮ್ಮ ಪರಿಚಯದವರು. ‘ಮತದಾರರು ಹೀಗೆ ಹೇಳಿದರು’ ಅಂತ ಬರೆಯಬೇಡಿ. ‘ಉತ್ತರಿಸಿದವರು’ ಅನ್ನಿ.

ಮಂಜುನಾಥ್: ಇಷ್ಟೆಲ್ಲ ಯಾಕೆ? ‘ಹತ್ತೇ ದಿನದಲ್ಲಿ ರಾಜ್ಯಶಾಸ್ತ್ರ’ ನೋಟ್ಸ್ ಕಳಿಸಿದ್ದೀನಿ. ನಿನ್ನ ಮಾತು ಒಪ್ಪದಿದ್ದರೂ ಅದನ್ನಾಡುವ ಹಕ್ಕಿಗಾಗಿ ಪ್ರಾಣ ಕೊಡ್ತೀನಿ ಅಂದ ಫ್ರೆಂಚ್ ಲೇಖಕ ವೋಲ್ತೇರ್‌ನಿಂದ ಹಿಡಿದು ಎಲ್ಲ ಇದೆ.

ಪ್ರಾಧ್ಯಾಪಕಿ: ಇದು ಮೂರನೇ ಸಲ ಬರ್ತಿದೆ. ಆ ಮಾತು ವೋಲ್ತೇರ್ ಆಡಿದ್ದಲ್ಲ. 1906ರಲ್ಲಿ ಅವನ ಬಗೆಗಿನ ಪುಸ್ತಕದಲ್ಲಿ ಲೇಖಕಿ ಎವೆಲಿನ್ ಬಿಯಾಟ್ರಿಸ್ ಹಾಲ್ ಬರೆದದ್ದು. ಮೊದಲ ಪುಟದಲ್ಲೇ ತಪ್ಪಿರುವ ನೋಟ್ಸ್ ಹಂಚಬೇಡಿ.

ಮಂಜುನಾಥ್: ನಮ್ಮಣ್ಣ ಇದನ್ನೇ ಓದಿ ಪಾಸಾಗಿದ್ದು.

ಇಮ್ರಾನ್: ಅಷ್ಟಕ್ಕೂ ಇದು ಶಾಸ್ತ್ರವೇ ಅಲ್ಲ. ಪ್ರಯೋಗ ಎಲ್ಲಿ ಮಾಡ್ತೀರಿ?

ರೇಖಾ: ನ್ಯೂಜಿಲೆಂಡ್ ನೋಡಿ. 1996ರಲ್ಲಿ ಪಕ್ಷಕ್ಕೆ ಬಿದ್ದ ಮತದ ಪ್ರಮಾಣಕ್ಕೆ ತಕ್ಕಂತೆ ಸೀಟು ಕೊಡೋ ಹೊಸ ಚುನಾವಣಾ ಪದ್ಧತಿ ಬಂತು, ಸಂಸತ್ತಿನಲ್ಲಿ ಪಕ್ಷಗಳು ಹೆಚ್ಚಾದವು. ಮೊದಲು, ಆಮೇಲೆ ಹೋಲಿಸಿ.

ಇಮ್ರಾನ್: ಒಂದು ದೇಶ ನೋಡಿ ನಿಯಮ ಮಾಡಕ್ಕಾಗುತ್ತಾ?

ಮಂಜುನಾಥ್: ರೇಖಾ ಯಾವ ಪಕ್ಷದವರು ಅಂತ ಗೊತ್ತಾಯ್ತು ಬಿಡಿ.

ರೇಖಾ: ಇದರಲ್ಲಿ ಪಕ್ಷ ಎಲ್ಲಿಂದ ಬಂತ್ರೀ?

ದೀಪಾ: ಮೇಡಂ, ಜೊತೆಗೆ ಅರ್ಥಶಾಸ್ತ್ರ ತಗೊಳ್ಳಲಾ, ಇತಿಹಾಸನಾ?

ಹರೀಶ್: ಕೆಲಸ ಸಿಗುತ್ತಾ ಮೇಡಂ?

ಪ್ರಾಧ್ಯಾಪಕಿ: ಮೇಲೆ ಓದಿ.

ಶ್ವೇತಾ: ಕಾಲಂ ತೆಗೆದೆ ಮೇಡಂ. ಊರು, ವಯಸ್ಸು, ವೃತ್ತಿ ಮಾತ್ರ ಇದೆ.

ಪ್ರಾಧ್ಯಾಪಕಿ: ಮೂರೂ ಸೇರಿದರೆ ಯಾರು ಅಂತ ಗೊತ್ತಾಗಿಬಿಡುತ್ತೆ. ಚಿಕ್ಕ ಊರಲ್ಲಿ 58 ವರ್ಷದ ದಂತವೈದ್ಯರು ಎಷ್ಟು ಜನ ಇದ್ದಾರು? ಊರು ತೆಗೆಯಿರಿ, ವಯಸ್ಸನ್ನ 51–60 ಅನ್ನೋ ಹಾಗೆ ಗುಂಪು ಮಾಡಿ. ಡ್ರೈವ್‌ನಲ್ಲಿ ಹಳೆಯ ಪ್ರತಿಯೂ ಉಳಿದಿರುತ್ತೆ, ಗೈಡ್ ಹತ್ತಿರ ಮಾತಾಡಿ ಅದನ್ನೂ ಅಳಿಸಿ.