ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಕೆಎಟಿಗೆ (ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ) ಹೋಗಬಹುದಾ?

ಪ್ರಶ್ನೆ (ಗ್ರೇಡ್-1 ಕಾರ್ಯದರ್ಶಿ, ಗ್ರಾಮ ಪಂಚಾಯಿತಿ): ನಮಸ್ಕಾರ ವಕೀಲ್ರೇ. ಅಂತಿಮ ಜ್ಯೇಷ್ಠತಾ ಪಟ್ಟಿಯಲ್ಲಿ ನಾನು ಮೇಲಿದ್ದೇನೆ. ಆದರೂ ನನ್ನ ಕೆಳಗಿದ್ದ ಇಬ್ಬರಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಡ್ತಿ ಸಿಕ್ಕಿತು, ನನಗೆ ಸಿಗಲಿಲ್ಲ. ಕಚೇರಿಯಲ್ಲಿ ಕೇಳಿದರೆ 'ನಿಮ್ಮ ಮೇಲೆ ವಿಚಾರಣೆ ಬಾಕಿ ಇದೆಯಲ್ರೀ' ಅಂತಾರೆ. ನರೇಗಾ ಕಾಮಗಾರಿಯ ಅಳತೆ ಪುಸ್ತಕದ ಬಗ್ಗೆ ಒಂದು ಕಾರಣ ಕೇಳುವ ನೋಟಿಸ್ ಬಂದಿತ್ತು, ಅಷ್ಟೇ. ಅದಕ್ಕೆ ಆಗಲೇ ಉತ್ತರ ಕೊಟ್ಟಿದ್ದೇನೆ. ಈಗ ಮನವಿ ಮೇಲೆ ಮನವಿ ಕೊಡ್ತಾ ಇದ್ದೇನೆ, ಒಂದು ಹಿಂಬರಹವೂ ಬಂದಿಲ್ಲ. ಕೋರ್ಟ್ ನನಗೆ ಬಡ್ತಿ ಕೊಡಿಸುತ್ತದಾ?

ಉತ್ತರ (ವಕೀಲರು, ಸೇವಾ ಪ್ರಕರಣಗಳು): ಸರ್, ಮೊದಲು ಕೊನೆಯ ಮಾತಿಗೆ ಬರ್ತೀನಿ. ಕೋರ್ಟ್ ನೇರವಾಗಿ ಬಡ್ತಿ ಕೊಡಿಸುವುದು ಅಪರೂಪ. ಯಾರು ಯೋಗ್ಯರು ಅಂತ ಅದು ತೂಗಿ ನೋಡುವುದಿಲ್ಲ. ಅದು ಇಲಾಖಾ ಬಡ್ತಿ ಸಮಿತಿಯ (ಡಿಪಿಸಿ) ಕೆಲಸ. ಸಮಿತಿ ನಿಯಮದ ಪ್ರಕಾರ ನಡೆದುಕೊಂಡಿತಾ, ನೋಡಬೇಕಾದ್ದನ್ನು ನೋಡಿತಾ, ನೋಡಬಾರದ್ದನ್ನು ಲೆಕ್ಕಕ್ಕೆ ಹಿಡಿಯಿತಾ ಅನ್ನುವುದನ್ನಷ್ಟೇ ಕೋರ್ಟ್ ಪರಿಶೀಲಿಸುತ್ತದೆ. ಬಡ್ತಿ ನಿಮ್ಮ ಹಕ್ಕಲ್ಲ. ಆದರೆ ಬಡ್ತಿಗೆ ಪರಿಗಣಿಸಲ್ಪಡುವುದು ಸಂವಿಧಾನದ 14 ಮತ್ತು 16ನೇ ವಿಧಿಗಳಡಿ ನಿಮ್ಮ ಮೂಲಭೂತ ಹಕ್ಕು. ನಿಮ್ಮ ಕೇಸ್ ನಿಲ್ಲುವುದು ಇದರ ಮೇಲೆಯೇ.

ನೀವು ಹೇಳಿದ್ದು ಹಾಗೇ ಇದ್ದರೆ ಕೇಸ್ ಗಟ್ಟಿಯಾಗಿದೆ. 1991ರ ಜಾನಕಿರಾಮನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ದೋಷಾರೋಪಣಾ ಪಟ್ಟಿ (ನಿಮ್ಮ ಮೇಲಿನ ಆರೋಪಗಳನ್ನು ಇಲಾಖೆ ಬರೆದು ಕೊಡುವ ಪತ್ರ) ಜಾರಿಯಾದ ಮೇಲೆ ಮಾತ್ರ ಇಲಾಖಾ ವಿಚಾರಣೆ ಬಾಕಿ ಇದೆ ಅನ್ನಬಹುದು. ಕಾರಣ ಕೇಳುವ ನೋಟಿಸ್, ಪ್ರಾಥಮಿಕ ತನಿಖೆ, ಯಾರೋ ಬರೆದ ದೂರರ್ಜಿ ಇವು ಯಾವುವೂ ಸಾಲುವುದಿಲ್ಲ. ನೀವು ಅಮಾನತಿನಲ್ಲಿದ್ದರೆ ಅಥವಾ ಕ್ರಿಮಿನಲ್ ಕೇಸಿನಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗಿದ್ದರೆ ಲೆಕ್ಕ ಬೇರೆ.

ಈಗ ಒಂದು ಕೆಲಸ ಮಾಡಿ. ಡಿಪಿಸಿ ಸಭೆಯ ನಡವಳಿಯಲ್ಲಿ ನಿಮಗೆ ಸಂಬಂಧಿಸಿದ ಭಾಗ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದಲ್ಲಿ ಕೊಡಬೇಕು. ಬಂದ ಮೇಲೆ ನಿಮ್ಮ ಹೆಸರಿನ ಎದುರಿನ ಷರಾ ಕಾಲಂ ನೋಡಿ. 'ಮುಚ್ಚಿದ ಲಕೋಟೆ' ಅಂತ ಇದ್ದರೆ, ಅಂದರೆ ವಿಚಾರಣೆ ಮುಗಿಯುವವರೆಗೆ ಸಮಿತಿಯ ತೀರ್ಮಾನವನ್ನು ಲಕೋಟೆಯಲ್ಲಿ ಮುಚ್ಚಿಟ್ಟಿದ್ದರೆ, ಸಭೆಯ ದಿನ ದೋಷಾರೋಪಣಾ ಪಟ್ಟಿ ಇತ್ತಾ ಅನ್ನುವುದೇ ಪ್ರಶ್ನೆ. 'ಅರ್ಹರಲ್ಲ' ಅಂತ ಇದ್ದರೆ ಕಾರಣ ಬೇಕು. ಕಾರ್ಯನಿರ್ವಹಣಾ ವರದಿ ಚೆನ್ನಾಗಿಲ್ಲ ಅನ್ನುವುದೇ ಕಾರಣವಾದರೆ, ಆ ವರದಿಯನ್ನು ನಿಮಗೆ ಮೊದಲೇ ತಿಳಿಸಿರಬೇಕು. 2008ರ ದೇವ್ ದತ್ ತೀರ್ಪು ಅದನ್ನೇ ಹೇಳುತ್ತದೆ. ಇನ್ನು ನಿಮ್ಮ ಹೆಸರೇ ಇಲ್ಲದಿದ್ದರೆ ಪರಿಗಣಿಸಿಯೇ ಇಲ್ಲ ಅಂತಾಯ್ತು. ನಿಮ್ಮ ಪರವಾಗಿ ಅದಕ್ಕಿಂತ ಬಲವಾದ ಅಂಶ ಬೇರೆ ಇಲ್ಲ.

ಪ್ರಶ್ನೆ (ಅದೇ ಕಾರ್ಯದರ್ಶಿ): ತುಂಬಾ ಧೈರ್ಯ ಬಂತು ಸರ್. ಹಾಗಾದರೆ ಇನ್ನೊಂದು ಮನವಿ ಕೊಟ್ಟು ಕಾಯಲಾ?

ಉತ್ತರ: ದಯವಿಟ್ಟು ಬೇಡ. ಎಷ್ಟೋ ಒಳ್ಳೆಯ ಕೇಸ್‌ಗಳು ಹೀಗೆ ಕಾಯುತ್ತಾ ಕೂತೇ ಹಾಳಾಗಿವೆ, ನೋಡಿದರೆ ಸಂಕಟ ಆಗುತ್ತದೆ. ಆಡಳಿತ ನ್ಯಾಯಮಂಡಳಿಗಳ ಕಾಯ್ದೆ, 1985ರ 21ನೇ ಕಲಂ ಪ್ರಕಾರ ಅಂತಿಮ ಆದೇಶವಾದ ಒಂದು ವರ್ಷದೊಳಗೆ ಕೆಎಟಿಗೆ ಬರಬೇಕು. ನಿಯಮದಲ್ಲೇ ಇರುವ ಮೇಲ್ಮನವಿ ಅಥವಾ ಮನವಿ ಸಲ್ಲಿಸಿ, ಆರು ತಿಂಗಳಾದರೂ ಆದೇಶ ಬರದಿದ್ದರೆ, ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷ. ಅದೇ ವಿಷಯಕ್ಕೆ ಮತ್ತೆ ಮತ್ತೆ ಮನವಿ ಕೊಟ್ಟರೆ ಅವಧಿ ಬೆಳೆಯುವುದಿಲ್ಲ. 1989ರ ಎಸ್.ಎಸ್. ರಾಥೋರ್ ತೀರ್ಪಿನಿಂದಲೂ ಕಾನೂನು ಇದೇ. ತಡವಾದರೆ ಕ್ಷಮೆ ಕೋರಬಹುದು. ಆದರೆ ಸರಿಯಾದ ಕಾರಣ ತೋರಿಸಬೇಕು. 'ಸಾಹೇಬರು ನೋಡ್ತೀನಿ ಅಂದಿದ್ದರು' ಅನ್ನುವುದು ಕಾರಣವಾಗುವುದಿಲ್ಲ.

ಕೊಟ್ಟ ಮನವಿಗಳ ಪ್ರತಿ ಹುಡುಕಿ ಇಟ್ಟುಕೊಳ್ಳಿ, ಟಪಾಲು ಶಾಖೆಯ ಸೀಲು, ತಾರೀಕು ಇರುವಂಥವು. ಬಡ್ತಿ ಸಿಕ್ಕ ಆ ಇಬ್ಬರನ್ನೂ ಪ್ರತಿವಾದಿ ಮಾಡಲೇಬೇಕು. ಜೊತೆಯಲ್ಲೇ ಕೆಲಸ ಮಾಡುವವರು, ಮುಜುಗರ ಆಗುತ್ತೆ, ಗೊತ್ತು. ಆದರೆ ಅವರನ್ನು ಬಿಟ್ಟರೆ ಅರ್ಜಿ ಅಲ್ಲಿಗೇ ಬಿದ್ದುಹೋಗಬಹುದು. ಅವರ ಬಡ್ತಿಗೆ ಧಕ್ಕೆ ಬರುವ ಆದೇಶವನ್ನು ಅವರ ಮಾತು ಕೇಳದೆ ಮಾಡಲಾಗದು, ಅಲ್ವಾ?

ಪ್ರಶ್ನೆ (ಬಿಲ್ ಕಲೆಕ್ಟರ್): ಮೇಲಿನ ಸರ್ ಥರ ನಾನೂ ಕೆಎಟಿಗೆ ಹೋಗಬಹುದಾ ಅಣ್ಣ? ನನ್ನ ನೇಮಕಾತಿಗೆ ಅನುಮೋದನೆ ಕೊಡ್ತಾ ಇಲ್ಲ.

ಉತ್ತರ: ಇಲ್ಲ ತಮ್ಮಾ, ನಿಮ್ಮ ದಾರಿ ಬೇರೆ. ಕಾರ್ಯದರ್ಶಿ, ಪಿಡಿಒ ರಾಜ್ಯ ಸರ್ಕಾರದ ನೌಕರರು. ನೀವು ಪಂಚಾಯಿತಿಯ ಸ್ವಂತ ಸಿಬ್ಬಂದಿ. ನಿಮ್ಮಂಥವರು ಹೈಕೋರ್ಟಿಗೆ 226ನೇ ವಿಧಿಯಡಿ ರಿಟ್ ಹಾಕಬೇಕು. ಅಲ್ಲಿ ಮೊದಲು ಕೇಳುವುದು, ಪಂಚಾಯತ್ ರಾಜ್ ಕಾಯ್ದೆಯಲ್ಲಿ ಮೇಲ್ಮನವಿಗೆ ದಾರಿಯಿದ್ದರೆ ಅದನ್ನು ಬಳಸಿದಿರಾ ಅಂತ. ಹುದ್ದೆ ಮಂಜೂರಾಗಿದೆಯಾ, ನೇಮಕಕ್ಕೆ ಪ್ರಕಟಣೆ ಹೊರಡಿಸಿದ್ದರಾ, ಸಾಮಾನ್ಯ ಸಭೆಯ ಠರಾವು ಆಗಿದೆಯಾ, ಈ ಕಾಗದ ತೆಗೆದು ನೋಡಿ. ಸುಮ್ನೆ ಬಹಳ ವರ್ಷ ದುಡಿದೆ ಅನ್ನುವುದೊಂದೇ ಸಾಲದು. 2006ರ ಉಮಾದೇವಿ ತೀರ್ಪು ಹಾಗೆ ಹೇಳಿದೆ, ಅದು ನಮ್ಮ ರಾಜ್ಯದ್ದೇ ಪ್ರಕರಣ. ದುಡಿದವರ ಮಟ್ಟಿಗೆ ಅದು ಕಠಿಣ ತೀರ್ಪು ಅಂತಲೇ ನನಗನ್ನಿಸುತ್ತದೆ. ಆದರೆ ಅದನ್ನು ದಾಟಿ ವಾದ ಮಾಡಲಾಗದು.

ಪ್ರಶ್ನೆ (ಪಿಡಿಒ ಪರೀಕ್ಷೆ ಬರೆದವರು): ಸರ್, ಕೀ ಉತ್ತರ ತಪ್ಪಿದೆ. ಕೋರ್ಟ್ ಸರಿಮಾಡುತ್ತದಾ?

ಉತ್ತರ: ಕಷ್ಟ ಮೇಡಂ. ಕೀ ಉತ್ತರ ಸರಿ ಅಂತಲೇ ಕೋರ್ಟ್ ಶುರು ಮಾಡುತ್ತದೆ. ಯಾರು ನೋಡಿದರೂ ತಪ್ಪು ಅನ್ನುವಂತಿದ್ದರೆ ಮಾತ್ರ ಕೈ ಹಾಕುತ್ತದೆ. ಅನುಮಾನ ಇದ್ದರೆ ಲಾಭ ಪರೀಕ್ಷೆ ನಡೆಸಿದವರಿಗೆ, ಅಂತ 2017ರಲ್ಲಿ ರಣವಿಜಯ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಪ್ರಕ್ರಿಯೆ ಶುರುವಾದ ಮೇಲೆ ಆಯ್ಕೆಯ ನಿಯಮವನ್ನೇ ಬದಲಿಸಿದ್ದರೆ ಅದು ಬೇರೆ ವಿಷಯ. ಮೊದಲೇ ಅವಕಾಶ ಇಟ್ಟುಕೊಂಡಿಲ್ಲದಿದ್ದರೆ ಮಧ್ಯದಲ್ಲಿ ಬದಲಿಸುವಂತಿಲ್ಲ ಅಂತ 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೇ ಹೇಳಿದೆ. ಹಾಗಾಗಿ ಅಧಿಸೂಚನೆಯನ್ನು ಮತ್ತೊಮ್ಮೆ ಪೂರ್ತಿ ಓದಿ.

ಪ್ರಶ್ನೆ (ಕಾರ್ಯದರ್ಶಿ): ಕೊನೆಯದಾಗಿ ಸರ್, ಗೆದ್ದರೆ ಏನು ಸಿಗುತ್ತೆ?

ಉತ್ತರ: ಸಾಮಾನ್ಯವಾಗಿ 'ಮತ್ತೆ ಪರಿಗಣಿಸಿ' ಅಂತ ಆದೇಶ ಆಗುತ್ತದೆ, ರಿವ್ಯೂ ಡಿಪಿಸಿ ನಡೆಯುತ್ತದೆ. ಅದರಲ್ಲಿ ಅರ್ಹರಾದರೆ ಕಿರಿಯರಿಗೆ ಬಡ್ತಿಯಾದ ದಿನದಿಂದಲೇ ಜ್ಯೇಷ್ಠತೆ ಕೇಳಬಹುದು. ಹಿಂಬಾಕಿ ಸಂಬಳ ತಾನಾಗೇ ಬರುವುದಿಲ್ಲ. ಅರ್ಜಿಯಲ್ಲೇ ಅದನ್ನು ಪ್ರತ್ಯೇಕವಾಗಿ ಬೇಡಿಕೊಳ್ಳಬೇಕು. ಕೆಎಟಿಯಲ್ಲಿ ಸೋತರೆ ಹೈಕೋರ್ಟ್‌ನ ವಿಭಾಗೀಯ ಪೀಠಕ್ಕೆ ಹೋಗಬಹುದು. 1997ರ ಚಂದ್ರಕುಮಾರ್ ತೀರ್ಪು ಆ ಬಾಗಿಲು ತೆರೆದಿಟ್ಟಿದೆ. ಬೆಂಗಳೂರಿಗೇ ಬರಬೇಕು ಅಂತಿಲ್ಲ, ಕೆಎಟಿ ಪೀಠಗಳು ಬೆಳಗಾವಿ, ಕಲಬುರಗಿಯಲ್ಲೂ ಇವೆ. ಬಡ್ತಿ ಆದೇಶದ ತಾರೀಕು ಯಾವುದು ಅಂತ ನನಗೆ ಇವತ್ತೇ ಕಳಿಸಿ.